ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮೊದಲು

ಕಡಿಮೆ ದುಡ್ಡಲ್ಲಿ ಮೊದಲ ಗೇಮಿಂಗ್ ಪಿಸಿ ಕಟ್ಟುವವರು ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋಗಲು ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿಯುವ ಮೊದಲೇ ಬೇಕಾದ ಭಾಗಗಳ ಚೀಟಿ ಬರೆದುಕೊಳ್ಳಿ, ಇಲ್ಲಾಂದ್ರೆ ಬಣ್ಣದ ಲೈಟಿನ ಕ್ಯಾಬಿನೆಟ್ ನೋಡಿ ಮನಸ್ಸು ಸೋತು ಅರ್ಧ ದುಡ್ಡು ಅಲ್ಲೇ ಮುಗಿಯುತ್ತದೆ. ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಇಡಿ. ಈಗಲೇ ಅಷ್ಟಿಲ್ವಾ? ರೈಜನ್ 5 5600ಜಿ ಪ್ರೊಸೆಸರ್ ತಗೊಳ್ಳಿ, ಅದರೊಳಗೇ ಗ್ರಾಫಿಕ್ಸ್ ಇದೆ. ಬರೀ 5600ರಲ್ಲಿ ಇಲ್ಲ, ಆ ಒಂದಕ್ಷರ ನೋಡಿಯೇ ಬಿಲ್ ಮಾಡಿಸಿ. ರ‍್ಯಾಮ್ 16 ಜಿಬಿಯ ಒಂದರ ಬದಲು 8ರ ಎರಡು ಹಾಕಿ.

ಎಸ್‌ಎಂಪಿಎಸ್ ಅಂದರೆ ಪಿಸಿಗೆ ಕರೆಂಟ್ ಕೊಡುವ ಡಬ್ಬಿ ಮಾತ್ರ ಲೋಕಲ್ ಬೇಡ. ನಾನು ಅದರಲ್ಲಿ ಎಂಟುನೂರು ಉಳಿಸಿದೆ, ಡೊಂಬಿವಲಿ ಮನೆ ತುಂಬ ಸುಟ್ಟ ವಾಸನೆ, ಪಲ್ಯ ಸೀದಿತು ಅಂತ ಅಮ್ಮ ಅಡುಗೆಮನೆಗೆ ಓಡಿದರು.

ಆನ್ ಮಾಡಿದಾಗ ಪರದೆ ಕಪ್ಪಗಿದ್ದರೆ ಗಾಬರಿ ಬೇಡ. ಕಾರ್ಡ್ ಹಾಕಿದ್ದರೆ ಮಾನಿಟರ್ ಕೇಬಲ್ ಕಾರ್ಡಿಗೇ ಸಿಕ್ಕಿಸಬೇಕು, ಮದರ್‌ಬೋರ್ಡಿಗಲ್ಲ.