ನ್ಯೂಟನ್ ಸಾಕಾ, ಕ್ವಾಂಟಮ್ ಬೇಕಾ? ಹೀಗೆ ಲೆಕ್ಕ ಹಾಕಿ

ಪಾಠ ಮಾಡುವಾಗ ನಾನು ಮೊದಲು ಲೆಕ್ಕ ಮಾಡಿಸುತ್ತೇನೆ, ಸಿದ್ಧಾಂತ ಆಮೇಲೆ. ಕಣಗಳು ಅಲೆಯಂತೆಯೂ ವರ್ತಿಸುತ್ತವೆ ಎಂದು 1924ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಡಿ ಬ್ರಾಗ್ಲಿ ಕೊಟ್ಟ ಸೂತ್ರ ತೆಗೆದುಕೊಳ್ಳಿ. ಕಣದ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿ. ಬಂದ ಉತ್ತರದಿಂದ ಪ್ಲಾಂಕ್ ಸ್ಥಿರಾಂಕವನ್ನು (ಕ್ವಾಂಟಮ್ ಲೆಕ್ಕಗಳಲ್ಲಿ ಬರುವ ಅತಿ ಚಿಕ್ಕ, ಬದಲಾಗದ ಸಂಖ್ಯೆ) ಭಾಗಿಸಿ. ಸಿಗುವುದು ತರಂಗದೂರ, ಅಂದರೆ ಆ ಕಣದ ಅಲೆಯ ಉದ್ದ. ಕಣ ಓಡಾಡುವ ಜಾಗಕ್ಕಿಂತ ಅದು ತೀರಾ ಚಿಕ್ಕದಾದರೆ ನ್ಯೂಟನ್ ನಿಯಮ ಸಾಕು; ಇಲ್ಲದಿದ್ದರೆ ಕ್ವಾಂಟಮ್ ಬೇಕು.

ಈಗ ಹೈಡ್ರೋಜನ್ ನೋಡಿ. ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಸುಮಾರು 2,200 ಕಿಲೋಮೀಟರ್ ಎಂದು ಹಿಡಿಯಿರಿ. ತರಂಗದೂರ 0.33 ನ್ಯಾನೊಮೀಟರ್ ಬರುತ್ತದೆ. ಪರಮಾಣುವಿನ ಅಗಲವೇ ಸುಮಾರು 0.1 ನ್ಯಾನೊಮೀಟರ್! ಅಲೆ ತಾನಿರುವ ಜಾಗಕ್ಕಿಂತ ದೊಡ್ಡದಾಯಿತು, ಅಲ್ವಾ? ಹಾಗಾಗಿ ಗೋಲಿಯಂತೆ ಸುತ್ತುವ ಎಲೆಕ್ಟ್ರಾನಿನ ಚಿತ್ರವನ್ನು ಇಲ್ಲೇ ಬಿಟ್ಟುಬಿಡಿ. ಅದಕ್ಕೆ ಖಚಿತವಾದ ದಾರಿಯೇ ಇಲ್ಲ.

ಅದೇ ಎಲೆಕ್ಟ್ರಾನ್ ಹಳೆಯ ಟಿವಿ ಕೊಳವೆಯಲ್ಲಿ ಓಡಿದರೆ? ಅಲೆ 0.01 ನ್ಯಾನೊಮೀಟರಿನ ಆಸುಪಾಸು, ದಾರಿ ಹತ್ತಾರು ಸೆಂಟಿಮೀಟರ್. ಅಲ್ಲಿ ಕಣದ ಲೆಕ್ಕವೇ ಆರಾಮಾಗಿ ನಡೆಯುತ್ತದೆ. ಕಣ ಬದಲಾಗಿಲ್ಲ, ಅದರ ವೇಗ ಮತ್ತು ಜಾಗ ಬದಲಾದವು ಅಷ್ಟೇ.

ಹಾಗಂತ ಹಳೆಯದನ್ನೆಲ್ಲ ಸುಮ್ನೆ ಬಿಸಾಕಬೇಡಿ. ಶಕ್ತಿ, ಸಂವೇಗಗಳ (ದ್ರವ್ಯರಾಶಿ ಗುಣಿಸು ವೇಗ) ಸಂರಕ್ಷಣೆ ಪರಮಾಣುವಿನೊಳಗೂ ನಡೆಯುತ್ತದೆ. ನನಗೆ ಜಾಸ್ತಿ ಇಷ್ಟವಾಗುವುದು 1927ರಲ್ಲಿ ಭೌತವಿಜ್ಞಾನಿ ಎರೆನ್‌ಫೆಸ್ಟ್ ತೋರಿಸಿದ್ದು: ಸರಾಸರಿ ಸಂವೇಗ ಬದಲಾಗುವ ದರ ಸರಾಸರಿ ಬಲಕ್ಕೆ ಸಮ. ಇದು ನ್ಯೂಟನ್ನನ ಎರಡನೇ ನಿಯಮದ ರೂಪವೇ, ಸರಾಸರಿಗಳಲ್ಲಿ ಅಷ್ಟೇ.