ಕಲ್ಲಿನಲ್ಲಿ ಹಳೆಯ ಕಡಲತೀರ ಹುಡುಕುವಾಗ ನಾನು ಮೊದಲು ನೋಡುವುದು ತೇವ

ಅಮೆರಿಕದ ಯೂಟಾ ರಾಜ್ಯದ ಸ್ಯಾನ್ ರಫೇಲ್ ಸ್ವೆಲ್‌ನಲ್ಲಿ ನೆಲ ಮೇಲಕ್ಕೆ ಉಬ್ಬಿ, ಆಮೇಲೆ ಸವೆದು ಹೋಗಿದೆ. ಉಬ್ಬಿನ ಅಂಚಿನಲ್ಲಿ ಪದರಗಳು ವಾಲಿಕೊಂಡು ನಿಂತಿವೆ. ಗಿಡಮರ ಕಡಿಮೆ, ಮಣ್ಣಿನ ಹೊದಿಕೆಯೂ ಇಲ್ಲ. ಅಡ್ಡಡ್ಡ ನಡೆಯುತ್ತಾ ಹೋದರೆ ಸುಮಾರು 19 ಕೋಟಿ ವರ್ಷ ಹಿಂದಿನ ನವಾಹೊ ಮರಳುಗಲ್ಲಿನಿಂದ ಶುರುವಾಗಿ ಕಾರ್ಮೆಲ್, ಎಂಟ್ರಾಡಾ, ಕರ್ಟಿಸ್, ಸಮರ್‌ವಿಲ್ ಎಂಬ ಕಲ್ಲಿನ ಪದರಗಳು ಹೀಗೆ ಒಂದರ ಮೇಲೊಂದು ಸಿಗುತ್ತವೆ. ಮರಳುಗಾಡು, ಸಮುದ್ರ, ಮತ್ತೆ ಮರಳು, ಮತ್ತೆ ಸಮುದ್ರ. ನಾನು ಪದರ ಓದುವುದನ್ನು ಕಲಿತಿದ್ದು ಇಲ್ಲೇ.

ಹೊಸಬರು ಬಂದ ಕೂಡಲೇ ಕೇಳುವುದು, "ಬೀಚ್ ಎಲ್ಲಿ?" ಅಂತ. ಇಂಥ ಕಡೆ ಬೀಚ್ ಹುಡುಕುವುದು ಬಹುಪಾಲು ದಂಡ. ಮರಳುಗಾಡಿನ ತೀರ ತುಂಬ ಚಪ್ಪಟೆ. ನೀರಿನ ಮಟ್ಟ ಒಂದು ಮೀಟರ್ ಏರಿದರೂ ಸಮುದ್ರ ಕಿಲೋಮೀಟರ್‌ಗಟ್ಟಲೆ ಒಳಗೆ ಬರುತ್ತದೆ. ಹಾಗಾಗಿ ತೀರ ಅಂದರೆ ಗೆರೆಯಲ್ಲ, ಅಗಲವಾದ ಒದ್ದೆ ಪಟ್ಟಿ. ಸಮುದ್ರ ಬರುವ ಮೊದಲೇ ನೆಲದಡಿಯ ನೀರು ಮೇಲಕ್ಕೆ ಏರಿರುತ್ತದೆ. ಅದಕ್ಕೇ ನಾನು ಕಲ್ಲಿನಲ್ಲಿ ಮೊದಲು ಹುಡುಕುವುದು ತೇವದ ಗುರುತು.

ಮೊದಲು ಒಣ ಮರಳು ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿಯಾಗಬೇಕು. ನವಾಹೊ ಅದಕ್ಕೆ ಒಳ್ಳೆಯ ಮೇಷ್ಟ್ರು. ಮೀಟರ್‌ಗಟ್ಟಲೆ ಎತ್ತರದ ಓರೆ ಪದರಗಳು, ಕೆಲವು ಕಡೆ ಮೂವತ್ತು ಡಿಗ್ರಿ ಹತ್ತಿರ ವಾಲಿರುತ್ತವೆ. ದಿಬ್ಬದ ಗಾಳಿ ಮರೆಯ ಬದಿಯಲ್ಲಿ ಮರಳು ಜಾರಿ ಬಿದ್ದ ಗುರುತು ಅದು. ಬುಡದ ಹತ್ತಿರ ಹ್ಯಾಂಡ್ ಲೆನ್ಸ್ ಹಿಡಿದರೆ ಕೆಲವೇ ಮಿಲಿಮೀಟರ್ ದಪ್ಪದ, ಸಮನಾದ ಗೆರೆಗಳು ಕಾಣುತ್ತವೆ. ಪ್ರತಿ ಗೆರೆಯಲ್ಲೂ ಕೆಳಗೆ ಸಣ್ಣ ಕಣ, ಮೇಲೆ ದಪ್ಪ ಕಣ. ಗಾಳಿ ಎಬ್ಬಿಸಿದ ಮರಳಿನ ಸಣ್ಣ ಅಲೆಗಳು ಒಂದರ ಮೇಲೊಂದು ಹತ್ತಿಕೊಂಡು ಹೋದಾಗ ಹೀಗಾಗುತ್ತದೆ. ಓರೆ ಪದರ ನೀರಿನಡಿಯ ದಿಬ್ಬಗಳಲ್ಲೂ ಇರುತ್ತದೆ, ಅದಕ್ಕೆ ನಾನು ಈ ಸಣ್ಣ ಗೆರೆಗಳನ್ನೇ ಜಾಸ್ತಿ ನಂಬುತ್ತೇನೆ.

ಕಣದ ಮೇಲಿನ ಮಸುಕನ್ನು ಮಾತ್ರ ಸುಮ್ನೆ ನಂಬಬಾರದು. ಗಾಳಿಯಲ್ಲಿ ಕುಟ್ಟಿಸಿಕೊಂಡ ಕಣ ಉರುಟಾಗಿ, ಮಸುಕು ಗಾಜಿನ ಹಾಗೆ ಕಾಣುತ್ತದೆ ನಿಜ. ಆದರೆ ಸಮುದ್ರ ಅದೇ ದಿಬ್ಬವನ್ನು ಕೊರೆದು ಅದೇ ಮರಳನ್ನು ಮತ್ತೆ ಹರಡುತ್ತದಲ್ವಾ? ಕಣ ಎಲ್ಲಿಂದ ಬಂತು ಅಂತ ಕಣ ಹೇಳುತ್ತದೆ. ಕೊನೆಗೆ ಎಲ್ಲಿ ಕೂತಿತು ಅಂತ ಜೋಡಣೆ ಹೇಳುತ್ತದೆ.

ಈಗ ತೇವಕ್ಕೆ ಬರೋಣ. ದಿಬ್ಬದ ಪದರಗಳನ್ನು ಮಟ್ಟಸವಾಗಿ ಕತ್ತರಿಸಿದಂಥ ಉದ್ದನೆಯ ಅಡ್ಡ ಗೆರೆ ಕಂಡರೆ ನಾನು ನಿಲ್ಲುತ್ತೇನೆ. ಗಾಳಿ ಒಣ ಮರಳನ್ನು ಎತ್ತಿಕೊಂಡು ಹೋಗುತ್ತಾ ಕೊನೆಗೆ ಒದ್ದೆ ಮರಳು ಸಿಕ್ಕಿದ ಮಟ್ಟಕ್ಕೆ ನಿಲ್ಲುತ್ತದೆ. ಇಂಥ ಗೆರೆಗಳನ್ನು ಹೀಗೆ ವಿವರಿಸಿದವರು ಭೂವಿಜ್ಞಾನಿ ವಿಲಿಯಂ ಲೀ ಸ್ಟೋಕ್ಸ್, 1968ರಲ್ಲಿ. ಎಲ್ಲ ಅಡ್ಡ ಗೆರೆಗೂ ನೀರೇ ಕಾರಣ ಅಲ್ಲ. ದಿಬ್ಬದ ಮೇಲೆ ದಿಬ್ಬ ಸಾಗಿದಾಗಲೂ ಕತ್ತರಿಸಿದ ಗೆರೆ ಉಳಿಯುತ್ತದೆ. ಅದಕ್ಕೆ ಆ ಗೆರೆಯ ಮೇಲೆ ಮೊಣಕಾಲೂರಿ ಕೂತು ಬೇರೆ ಸಾಕ್ಷಿ ಹುಡುಕುತ್ತೇನೆ: ಒದ್ದೆ ನೆಲಕ್ಕೆ ಹಾರಿಬಂದ ಮರಳು ಅಂಟಿದ ಸೊಟ್ಟಪಟ್ಟ ಸುಕ್ಕು, ಕೆಸರು ಒಣಗಿದ ಬಿರುಕು, ಉಪ್ಪಿನ ಹರಳು ಕರಗಿಹೋದ ಚೌಕಾಕಾರದ ಅಚ್ಚು. ಇವು ಒಟ್ಟಿಗೆ ಸಿಕ್ಕರೆ ಅದು ಸಬ್ಖಾ, ಅಂದರೆ ಉಪ್ಪು ಕಟ್ಟುವ ಒದ್ದೆ ಬಯಲು. ಇವತ್ತಿಗೂ ಅಬುಧಾಬಿಯ ಕರಾವಳಿಯಲ್ಲಿ ಅಂಥದ್ದಿದೆ.

ಕಾರ್ಮೆಲ್‌ನಲ್ಲಿ ಜಿಪ್ಸಮ್ ಪದರಗಳು ಬಿಳಿಯಾಗಿ ಹೊಳೆಯುತ್ತವೆ. ಉಗುರಿನಲ್ಲಿ ಗೀರಿದರೆ ಗೀರು ಬೀಳುತ್ತದೆ. ಸಮುದ್ರದ ನೀರು ಆವಿಯಾಗಿ ಸುಮಾರು ಐದನೇ ಒಂದು ಭಾಗಕ್ಕೆ ಇಳಿದಾಗ ಜಿಪ್ಸಮ್ ಕಟ್ಟುತ್ತದೆ, ಹತ್ತನೇ ಒಂದು ಭಾಗಕ್ಕೆ ಬಂದಾಗ ಅಡುಗೆ ಉಪ್ಪು. ಅಂದರೆ ಒಳಗೆ ಬಂದ ನೀರಿಗೆ ಹೊರದಾರಿ ಸರಿಯಾಗಿರಲಿಲ್ಲ. ಅದೇ ಕಾರ್ಮೆಲ್‌ನ ಸುಣ್ಣಗಲ್ಲಿನಲ್ಲಿ ಸಿಂಪಿ ಚಿಪ್ಪು, ಕಡಲ ಲಿಲ್ಲಿ ಎಂಬ ಸಮುದ್ರಜೀವಿಯ ನಕ್ಷತ್ರದಾಕಾರದ ಕಾಂಡದ ತುಣುಕು, ಊಯಿಡ್ ಎಂಬ ಸಣ್ಣ ಗುಂಡು ಕಣ ಸಿಗುತ್ತವೆ. ಊಯಿಡ್ ಬೆಳೆಯಲು ಬೆಚ್ಚಗಿನ, ಅಲುಗಾಡುವ ಆಳವಿಲ್ಲದ ನೀರು ಬೇಕು. ಉತ್ತರದಿಂದ ಒಳನಾಡಿಗೆ ಚಾಚಿದ್ದ ಸನ್‌ಡ್ಯಾನ್ಸ್ ಸಮುದ್ರದ ಕೈ ಇಲ್ಲಿ ಬಂದಿತ್ತು ಅನ್ನುವುದಕ್ಕೆ ಇಷ್ಟು ಸಾಕು. ಆಸಿಡ್ ಹನಿ ಹಾಕಿದಾಗ ನೊರೆ ಬಂದದ್ದೆಲ್ಲ ಸುಣ್ಣಗಲ್ಲು ಅಂದುಕೊಳ್ಳಬೇಡಿ. ದಿಬ್ಬದ ಮರಳನ್ನು ಬೆಸೆದಿರುವ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಕೂಡ ನೊರೆ ಬಿಡುತ್ತದೆ.

ಅಳತೆಯ ಕೆಲಸ ಬೇಸರದ್ದು. ಜೇಕಬ್ ಸ್ಟಾಫ್ ಅನ್ನುವ ಒಂದೂವರೆ ಮೀಟರ್ ಕೋಲನ್ನು ಪದರದ ವಾಲಿಕೆಗೆ ಹೊಂದಿಸಿ, ಒಂದೊಂದು ಕೋಲು ಮೇಲಕ್ಕೆ ಏರುವುದು. ನೋಟ್‌ಬುಕ್ಕಿನಲ್ಲಿ ಬಣ್ಣ, ಕಣದ ಗಾತ್ರ, ದಪ್ಪ, ಅಂಚು ಚೂಪೋ ನಿಧಾನವೋ ಅಂತ ಬರೆಯುವುದು. "ಸಮುದ್ರ", "ದಿಬ್ಬ" ಅಂತ ಬರೆಯುವುದು ಸಂಜೆ ಟೆಂಟಿಗೆ ಬಂದ ಮೇಲೆ. ಬೆಳಿಗ್ಗೆಯೇ ಹೆಸರಿಟ್ಟರೆ ದಿನವಿಡೀ ಕಣ್ಣಿಗೆ ಅದೇ ಕಾಣುತ್ತದೆ.

ಎಂಟ್ರಾಡಾ ನನಗೆ ತುಂಬ ಇಷ್ಟ. ಪೂರ್ವಕ್ಕೆ, ಆರ್ಚಸ್ ರಾಷ್ಟ್ರೀಯ ಉದ್ಯಾನದ ಕಡೆ ಅದರ ಬಹುಭಾಗ ಶುದ್ಧ ದಿಬ್ಬದ ಮರಳು. ಗಾಬ್ಲಿನ್ ಕಣಿವೆಗೆ ಬಂದರೆ ಅದೇ ಎಂಟ್ರಾಡಾ ಕೆಂಪು ಹೂಳು ಬೆರೆತ ಕಲ್ಲು. ದಿಬ್ಬಗಳ ಪಕ್ಕದಲ್ಲೇ ಒದ್ದೆ ಬಯಲಿತ್ತು. ಅಕ್ಕಪಕ್ಕ ಇದ್ದ ಪರಿಸರಗಳೇ, ನಡುವೆ ತುಂಡಾಗದಿದ್ದರೆ, ಮೇಲುಕೆಳಗೆ ಕೂರುತ್ತವೆ ಅಂತ ಯೋಹಾನೆಸ್ ವಾಲ್ಟರ್ 1894ರಲ್ಲಿ ಹೇಳಿದ್ದರು. ಅದಕ್ಕೇ ಒಂದು ಸೆಕ್ಷನ್, ಅಂದರೆ ಒಂದು ಜಾಗದ ಪದರಗಳ ಸಾಲು, ಅಳೆದು ಮುಗಿಸಿದೆ ಅಂದುಕೊಳ್ಳುವುದಿಲ್ಲ. ಪಕ್ಕದ ಕಣಿವೆಯಲ್ಲೂ ಅಳೆದು ಹೋಲಿಸುತ್ತೇನೆ. ಇಲ್ಲಿ ಅಡ್ಡ ಗೆರೆ ಇರುವ ಮಟ್ಟದಲ್ಲಿ ಅಲ್ಲಿ ಜಿಪ್ಸಮ್ ಇದ್ದರೆ, ಕಡಲು ಯಾವ ದಿಕ್ಕಿನಲ್ಲಿತ್ತು ಅಂತ ಊಹಿಸಬಹುದು.

ಮೊದಲ ಸಲ ಹೋಗುವವರು ಎಂಟ್ರಾಡಾ ಮತ್ತು ಕರ್ಟಿಸ್ ಸೇರುವ ಜಾಗದಿಂದ ಶುರುಮಾಡಲಿ. ಕೆಂಪಿನ ಮೇಲೆ ಹಸಿರು ಮಿಶ್ರಿತ ಬೂದು ಬಣ್ಣ, ಅಂಚು ಚೂಪು. ಆ ಹಸಿರು ಬಹುಮಟ್ಟಿಗೆ ಗ್ಲಾಕೊನೈಟ್‌ನದು, ಅದು ಸಮುದ್ರದಡಿಯಲ್ಲಿ ಹುಟ್ಟುವ ಖನಿಜ. ಸ್ವಲ್ಪ ಮೇಲೆ ಮರಳಿನ ನಡುವೆ ತೆಳ್ಳಗಿನ ಜೇಡಿಯ ಪೊರೆಗಳಿವೆ. ಉಬ್ಬರ ಇಳಿತಗಳ ನಡುವೆ ನೀರು ನಿಂತಾಗ ಕೂತ ಕೆಸರು ಅದು. ಈ ಮರಳಿನ ಗೆರೆಗಳ ದಪ್ಪ ಅಳೆದು ನೋಡಿ. ದಪ್ಪ, ತೆಳು, ಮತ್ತೆ ದಪ್ಪ ಅಂತ ಸರದಿ ಸಿಕ್ಕರೆ ಅದು ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರ ಮತ್ತು ನಡುವಿನ ಸಣ್ಣ ಉಬ್ಬರದ ಲೆಕ್ಕ ಇರಬಹುದು. ಅಲ್ಲಿಂದ ತಿರುಗಿ ಕೆಳಗಿನ ಕೆಂಪು ಪದರಕ್ಕೆ ಇಳಿದು, ನೀರು ಎಷ್ಟು ಮುಂಚೆಯೇ ಬಂದಿತ್ತು ಅಂತ ಹುಡುಕಿ.