ಹೊಡೆದಾಟದಲ್ಲಿ ಕಣ್ಣಿಗೆ ಪೆಟ್ಟು: ಎಂಎಲ್‌ಸಿ (ಪೊಲೀಸ್ ಕೇಸಿನ ವೈದ್ಯಕೀಯ ವರದಿ) ಬರೆಯುವ ಮುಂಚೆ

ಗುದ್ದು ತಿಂದ ಕಣ್ಣಿಗೆ ನಾನು ಮೊದಲೇ ಡ್ರಾಪ್ಸ್ ಹಾಕುವುದಿಲ್ಲ. 6 ಮೀಟರ್ ದೂರದಿಂದ ಸ್ನೆಲೆನ್ ಚಾರ್ಟ್ ಓದಿಸುತ್ತೇನೆ: ಒಂದೊಂದೇ ಕಣ್ಣು, ಕನ್ನಡಕವಿದ್ದರೆ ಹಾಕಿಸಿ, ಇಲ್ಲದಿದ್ದರೆ ಪಿನ್‌ಹೋಲ್‌ನಲ್ಲಿ, ಅಂದರೆ ಸಣ್ಣ ತೂತಿನ ಮೂಲಕ. ಅಕ್ಷರ ಕಾಣದಿದ್ದರೆ ಬೆರಳೆಣಿಕೆ, ಕೈಯಾಡಿಸುವುದು, ಕೊನೆಗೆ ಬೆಳಕು. ಆಮೇಲೆ ಟಾರ್ಚನ್ನು ಎರಡೂ ಕಣ್ಣಿಗೆ ಅತ್ತಿತ್ತ ಹಾಯಿಸಿ ಆರ್‌ಎಪಿಡಿ (ಒಂದು ಕಣ್ಣಿನ ಪಾಪೆ ಬೆಳಕಿಗೆ ಸರಿಯಾಗಿ ಸ್ಪಂದಿಸದಿರುವುದು) ಇದೆಯೇ ಎಂದು ಬರೆದುಕೊಳ್ಳುತ್ತೇನೆ. ಡ್ರಾಪ್ಸ್ ಬಿದ್ದು ಪಾಪೆ ಹಿಗ್ಗಿದರೆ ಆ ಸಾಕ್ಷ್ಯ ಹೋಯಿತು. ತಲೆಗೂ ಪೆಟ್ಟಾಗಿದ್ದರೆ ಹಿಗ್ಗಿಸುವ ಗೋಜಿಗೇ ಹೋಗುವುದಿಲ್ಲ.

ಪಾಪೆ ಒಂದು ಕಡೆ ಹನಿಯಂತೆ ಎಳೆದುಕೊಂಡಿದ್ದರೆ ಗುಡ್ಡೆ ಒಡೆದಿದೆ ಎಂದೇ ಹಿಡಿಯಬೇಕು. ಆಗ ಕಣ್ಣಿನ ಒತ್ತಡ ಅಳೆಯುವ ಟೊನೊಮೀಟರ್ ಮುಟ್ಟಿಸಬಾರದು, ಹತ್ತಿ ಪ್ಯಾಡ್ ಒತ್ತಿ ಕಟ್ಟಬಾರದು. ಗಟ್ಟಿ ಶೀಲ್ಡ್ ಹಾಕಿ ಆಪರೇಷನ್‌ಗೆ ಕಳಿಸುವುದು.

ಹೆಚ್ಚು ಎಡವುವುದು ಗಾಯದ ವಯಸ್ಸಿನಲ್ಲಿ. ರೆಪ್ಪೆಯ ಕರಿಗಟ್ಟು ನೀಲಿ, ಹಸಿರು, ಹಳದಿ ಎಂದು ಬಣ್ಣ ಬದಲಿಸುತ್ತದೆ. ಬಿಳಿಗುಡ್ಡೆಯ ಮೇಲಿನ ರಕ್ತಕ್ಕೆ ಗಾಳಿಯ ಆಮ್ಲಜನಕ ಸಿಗುತ್ತಲೇ ಇರುವುದರಿಂದ ಅದು ದಿನಗಟ್ಟಲೆ ಕೆಂಪಗೇ ಇದ್ದು ನೇರ ಹಳದಿಗೆ ತಿರುಗುತ್ತದೆ. ಕೆಂಪು ಕಂಡು 'ತಾಜಾ ಗಾಯ' ಎಂದು ಬರೆದವರು ಪಾಟೀಸವಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಆ ರಕ್ತದ ಹಿಂದಿನ ಅಂಚು ಕಾಣದೇ ಹೋದರೆ ಮೂಳೆ ಮುರಿದಿರಬಹುದು. ಕೆನ್ನೆ ಮರಗಟ್ಟಿದ್ದು, ಮೇಲೆ ನೋಡಿದರೆ ಎರಡೆರಡು ಕಾಣುತ್ತಿದ್ದರೆ ಆರ್ಬಿಟ್‌ನ (ಕಣ್ಣಿನ ಗೂಡಿನ) ಸಿಟಿ ಸ್ಕ್ಯಾನ್ ಮಾಡಿಸಲೇಬೇಕು. ವರದಿ ಬರುವವರೆಗೆ ಮೂಗು ಸೀದಬೇಡಿ ಎಂದು ಹೇಳಿಡುತ್ತೇನೆ.

ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ ಮೂಳೆ ಮುರಿತವೇ ತೀವ್ರ ಗಾಯ, ದೃಷ್ಟಿ 6/6 ಇದ್ದರೂ ಸರಿ. ಯಾವುದೇ ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋಗುವುದೂ ಅದರಲ್ಲೇ ಬರುತ್ತದೆ. ಆದರೆ 'ಶಾಶ್ವತ' ಎಂಬುದನ್ನು ಮೊದಲ ದಿನ ಯಾರೂ ಹೇಳಲಾರರು. ಕಣ್ಣೊಳಗೆ ರಕ್ತ ನಿಂತಿದ್ದರೆ ಅದರ ಎತ್ತರವನ್ನು ಮಿಲಿಮೀಟರ್‌ನಲ್ಲಿ ಬರೆಯುತ್ತೇನೆ. 2ರಿಂದ 5ನೇ ದಿನದೊಳಗೆ ಮತ್ತೆ ಸುರಿಯುವುದುಂಟು. ಕಣ್ಣೊಳಗಿನ ನೀರು ಹೊರಹೋಗುವ ಕೋನ ಹರಿದಿದೆಯೇ ಎಂದು ವಿಶೇಷ ಲೆನ್ಸ್ ಇಟ್ಟು ನೋಡುವ ಗೋನಿಯೋಸ್ಕೋಪಿ ಮಾಡುವುದು ತಿಂಗಳಾದ ಮೇಲೆ. ಸ್ಟೇಷನ್ನಿನವರು ಎಷ್ಟೇ ಅವಸರ ಮಾಡಲಿ, ಅಲ್ಲಿವರೆಗೆ 'ಅಭಿಪ್ರಾಯ ಕಾಯ್ದಿರಿಸಿದೆ' ಎಂದಷ್ಟೇ.

'ಏನೂ ಕಾಣಲ್ಲ ಡಾಕ್ಟ್ರೇ' ಎನ್ನುವವರೂ ಬರುತ್ತಾರೆ. ಟ್ರಯಲ್ ಫ್ರೇಮಿನಲ್ಲಿ (ಗಾಜು ಬದಲಿಸುವ ಪರೀಕ್ಷೆಯ ಕನ್ನಡಕದಲ್ಲಿ) ಒಳ್ಳೆಯ ಕಣ್ಣಿನ ಮುಂದೆ ದೂರದ್ದನ್ನು ಮಸುಕು ಮಾಡುವ +6 ಗಾಜು, ಕಾಣದು ಎನ್ನುವ ಕಣ್ಣಿನ ಮುಂದೆ ಪವರ್ ಇಲ್ಲದ ಬರಿ ಗಾಜು ಇಟ್ಟು, ಎರಡೂ ತೆರೆದೇ ದೂರದ ಚಾರ್ಟ್ ಓದಿಸುತ್ತೇನೆ. ಓದಿದರೆ ಓದಿದ್ದು 'ಕುರುಡು' ಕಣ್ಣೇ. ನಡುವೆ ಒಂದು ಕಣ್ಣು ಮುಚ್ಚಿ ಪರೀಕ್ಷಿಸಿಕೊಳ್ಳಲು ಬಿಟ್ಟರೆ ಕೆಟ್ಟಿತು. ಚಿಕ್ಕಂದಿನ ಮೆಳ್ಳೆಗಣ್ಣಿನ ಮಂದ ದೃಷ್ಟಿಯನ್ನು ಈ ಜಗಳದ ತಲೆಗೆ ಕಟ್ಟುವುದೂ ಉಂಟು. ಅದಕ್ಕೇ ಹಳೇ ಕನ್ನಡಕ ತರಿಸಿ ಅದರ ಪವರ್ ಅಳೆದು ಬರೆದಿಡುತ್ತೇನೆ.